ಗುಮಾಸ್ತನ ಮಾನಿಟರ್

"ಅದರ ಬೆನ್ನು ಬಿಚ್ಚಬೇಡಪ್ಪ. ಬೇಕಾದ್ರೆ ನಿನ್ನ ಕಾಲು ಹಿಡೀತೀನಿ," ಎಂದಳು ಕಾಸಿಯಾತಿ.

ಪ್ರಮುಜಿ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಡಲಿಲ್ಲ. ಹಳೇ ಟಿವಿಯ ಹಾಗೆ ಹಿಂಬದಿ ಉಬ್ಬಿದ ಆ ಮಾನಿಟರ್ ಬೆಳಿಗ್ಗೆಯಷ್ಟೇ ಹಳ್ಳಿಯ ಕಚೇರಿಯಿಂದ ಅವನ ಅಂಗಡಿಗೆ ಬಂದಿತ್ತು. ಮೂರು ವರ್ಷ ಅದರ ಮುಂದೆ ಕೂತು ಮತದಾರರ ಪಟ್ಟಿ ಟೈಪು ಮಾಡಿದವನು ಕಾಸಿಯಾತಿಯ ಗಂಡ, ಕಚೇರಿಯ ಗುಮಾಸ್ತ. ಹಳ್ಳಿಯ ಮುಖ್ಯಸ್ಥನ ಚುನಾವಣೆ ಮುಗಿದ ತಿಂಗಳಿಗೆ ಅವನ ಹೊಟ್ಟೆ ಊದತೊಡಗಿತು. ಕೊನೆಗೆ ಕೂದಲು ಕಾರಿಕೊಂಡು ಸತ್ತ. ಸೋತವರು ಮಾಟ ಮಾಡಿಸಿ ಆ ಮಾನಿಟರಿನೊಳಗೆ ಕಳಿಸಿದ್ದಾರೆಂದು ನಮ್ಮ ಮೀನುಗಾರರ ಊರು ಮುಂಚಾರಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದವನು ಪ್ರಮುಜಿ ಒಬ್ಬನೇ. ಸುರಬಾಯಾ ಪಟ್ಟಣದಿಂದ ಮನೆಯಳಿಯನಾಗಿ ಬಂದು, ಅತ್ತೆಯ ಮನೆಯ ಮುಂದಿನ ಕೋಣೆಯಲ್ಲೇ ರಿಪೇರಿ ಅಂಗಡಿ ಇಟ್ಟು ಆಗಿನ್ನೂ ಹತ್ತು ತಿಂಗಳಾಗಿತ್ತು.

"ಅದು ಹೊಟ್ಟೆ ಹುಡುಕುತ್ತೆ," ಎಂದಳು ಕಾಸಿಯಾತಿ, ದನಿ ತಗ್ಗಿಸಿ. "ನಿನ್ನ ಹೆಂಡ್ತಿಗೆ ಏಳು ತಿಂಗಳು. ಸುಮ್ನೆ ಸಮುದ್ರಕ್ಕೆ ಹಾಕಿಬಿಡೋಣ. ದೋಣಿಯವನ ಹತ್ರ ನಾನೇ ಮಾತಾಡ್ತೀನಿ."

"ಅಮ್ಮಾ, ಇದರೊಳಗಿರೋ ಭೂತಕ್ಕೆ ನಾಲ್ಕು ಕಾಲು, ಒಂದು ಬಾಲ. ಹಲ್ಲಿ ಅಂತಾರೆ ಅದನ್ನ. ಬೆಚ್ಚಗಿರುತ್ತೆ ಅಂತ ಒಳಗೆ ನುಗ್ಗುತ್ತೆ, ಸುಟ್ಟು ಸಾಯುತ್ತೆ. ಇಂಥ ನೂರು ಹೆಣ ಎತ್ತಿದ್ದೀನಿ ನಾನು."

ಅವಳು ಸೆರಗಿನಿಂದ ಮೂಗು ಮುಚ್ಚಿಕೊಂಡು ಹೊರಟುಹೋದಳು. ಪ್ರಮುಜಿ ಅವಳ ಹಿಂದೆಯೇ ನಕ್ಕ. ಬುದ್ಧಿವಂತನೇನೋ ಹೌದು, ಆದರೆ ಇನ್ನೊಬ್ಬರ ಹೆದರಿಕೆ ಕಂಡರೆ ಅವನಿಗೆ ತಡೆಯಲಾಗದ ನಗು. ಪಕ್ಕದ ಮನೆಯಲ್ಲೇ ಇರುವ ನನಗೆ ಆ ನಗು ಎಂದೂ ಹಿಡಿಸಿದ್ದಿಲ್ಲ.

ಕೆಲಸ ಮಾತ್ರ ಕ್ರಮವಾಗಿಯೇ ಮಾಡಿದ. ಕೇಬಲ್ ಬದಲಿಸಿ ನೋಡಿದ. ಬೇರೆ ಕಂಪ್ಯೂಟರಿಗೆ ಜೋಡಿಸಿ ನೋಡಿದ. ಪಕ್ಕೆಗೆ ಎರಡೇಟು ಕೊಟ್ಟೂ ನೋಡಿದ. ಪರದೆಯೆಲ್ಲ ಕೀವಿನ ಬಣ್ಣ. ನಡುವೆ ಅಂಗೈಯಗಲದ ಒಂದು ಕಪ್ಪು ಕಲೆ. ಸ್ವಿಚ್ಚು ಆರಿಸಿದರೂ ಕಲೆ ಹೋಗಲಿಲ್ಲ. ಪ್ಲಗ್ ಕಿತ್ತರೂ ಹೋಗಲಿಲ್ಲ. ಗಾಜಿನ ಒಳಮೈ ಸುಟ್ಟಿರಬೇಕೆಂದು ಗೊಣಗಿಕೊಂಡು, ಮಾನಿಟರನ್ನು ಬೋರಲು ಮಲಗಿಸಿ ಬೆನ್ನಿನ ಸ್ಕ್ರೂಗಳನ್ನು ಒಂದೊಂದಾಗಿ ತೆಗೆದ.

ಇಂಥ ಮಾನಿಟರಿನ ಹೊಟ್ಟೆಯಲ್ಲಿ ಪ್ಲಗ್ ಕಿತ್ತ ಮೇಲೂ ಕರೆಂಟು ನಿಂತಿರುತ್ತದೆ. ಸ್ಕ್ರೂಡ್ರೈವರಿಗೆ ವೈರು ಕಟ್ಟಿ, ಗಾಜಿನ ಬುರುಡೆಗೆ ಅಂಟಿದ ರಬ್ಬರ್ ಬಟ್ಟಲಿನ ಕೆಳಗೆ ತೂರಿಸಿ ಆ ಕರೆಂಟನ್ನು ವೈರಿನಲ್ಲಿ ಇಳಿಸಿಬಿಡಬೇಕು. ಆಗ ಟಪ್ಪೆಂದು ಒಂದು ಸದ್ದು ಬರುತ್ತದೆ. ಪ್ರಮುಜಿ ತೂರಿಸಿದ. ಟಪ್ಪೆನ್ನಲಿಲ್ಲ. ಒಳಗಿಂದ ಉದ್ದನೆಯದೊಂದು ತೇಗು ಬಂತು.

ಅದರ ಹಿಂದೆಯೇ ನಾತ. ಮೀನಿನ ಡಬ್ಬಿ ಕಾರ್ಖಾನೆಗಳ ನಡುವೆ ಬದುಕುವ ನಮಗೆ ನಾತ ಹೊಸದಲ್ಲ, ಕೊಳೆತ ಮೀನಿನ ಪಕ್ಕ ಕೂತು ಊಟ ಮಾಡುವವರು ನಾವು. ಇದು ಬೇರೆ. ಹುಳಿಬಂದ ಹಾಲು, ಸುಟ್ಟ ಕೂದಲು, ತಿಂಗಳುಗಟ್ಟಲೆ ಬಿಚ್ಚದ ಹುಣ್ಣಿನ ಬಟ್ಟೆ, ಎಲ್ಲ ಸೇರಿದ ಬೆಚ್ಚನೆಯ ನಾತ. ಅವನು ಉಸಿರು ಬಿಗಿಹಿಡಿದು ಬಗ್ಗಿ ನೋಡಿದ. ಹಲ್ಲಿಗಳೇನೋ ಇದ್ದವು. ಮೂರು. ಚರ್ಮಕ್ಕೆ ಚರ್ಮ ಕೂಡಿಕೊಂಡು ಒಂದೇ ಮುದ್ದೆಯಾಗಿದ್ದವು. ಅವುಗಳ ಕೆಳಗೆ ಮುಷ್ಟಿಗಾತ್ರದ ಕೂದಲುಂಡೆ. ಒಣಗಿ ಕಾದ ಆ ಪೆಟ್ಟಿಗೆಯಲ್ಲಿ ಅದೊಂದೇ ಒದ್ದೆಯಾಗಿತ್ತು. ಇಕ್ಕಳದಿಂದ ಎತ್ತಿದರೆ ಸಿಂಬಳದಂಥ ಹಳದಿ ಲೋಳೆ ಎಳೆಯೆಳೆಯಾಗಿ ಜೋತುಬಿತ್ತು.

ಅಷ್ಟರಲ್ಲಿ ಅಡುಗೆಮನೆಯಲ್ಲಿ ಸೀಗಡಿ ಕುಟ್ಟುತ್ತಿದ್ದ ಅತ್ತೆ ತುಮಿನಿ ಬಾಗಿಲಿಗೆ ಬಂದು ನಿಂತಿದ್ದಳು. ಕಂಡದ್ದೇ ತಡ, ತನ್ನ ಹೊಟ್ಟೆ ಸವರಿಕೊಂಡು, "ದೂರ ದೂರ, ಕೂಸಿಗೆ ತಾಗದಿರಲಿ!" ಎಂದಳು.

ನಮ್ಮಲ್ಲಿ ಹೆಂಡತಿ ಬಸುರಿಯಾದರೆ ಗಂಡ ಹೆಂಡಿರಿಬ್ಬರ ನಾಲಗೆಯ ತುದಿಯಲ್ಲೂ ಈ ಮಾತು ಇರಬೇಕು. ದಾರಿಯಲ್ಲಿ ಸತ್ತ ಇಲಿ ಕಂಡರೂ, ಯಾರೋ ಕಫ ಉಗಿದರೂ, ಹೇಸಿಗೆ ಹುಟ್ಟಿದ ಆ ಗಳಿಗೆಯಲ್ಲೇ ಹೇಳಿಬಿಡಬೇಕು. ಹೇಳದಿದ್ದರೆ ಆ ಹೇಸಿಗೆ ಕೂಸಿಗೆ ಅಂಟುತ್ತದೆ.

"ಹೇಳಪ್ಪ, ಈಗ್ಲೇ ಹೇಳು!"

"ಹೇಳಿದ್ರೆ ಕೆಪಾಸಿಟರ್ ತಾನಾಗೇ ಬದಲಾಗುತ್ತಾ ಅತ್ತೆ?" ಪ್ರಮುಜಿ ಕೂದಲುಂಡೆಯನ್ನು ಅವಳತ್ತ ಚಾಚಿ ತೂಗಾಡಿಸಿದ. "ನೋಡಿ, ನಿಮ್ಮ ಜಡೆಗೆ ಚೌರಿ ಮಾಡಿಸ್ಲಾ?"

ಲೋಳೆಯ ಒಂದು ಹನಿ ಸಿಡಿದು ಅವನ ತುಟಿಯ ಮೇಲೆ ಬಿತ್ತು. ಬೆಚ್ಚಗಿತ್ತು. ಉಪ್ಪುಪ್ಪಾಗಿತ್ತು.

ಕರುಳು ಬಾಯಿಗೆ ಬಂದಂತೆ ಅವನು ಓಕರಿಸಿದ. ಅದೇ ಹೊತ್ತಿಗೆ ಹೆಂಡತಿ ನಿಂಗ್ರುಮ್ ಕಾಫಿ ಹಿಡಿದು ಒಳಗೆ ಬಂದಳು. ತುಂಬಿದ ಹೊಟ್ಟೆ ಅವಳಿಗಿಂತ ಮುಂದೆ ಬಂತು. ಓಕರಿಕೆ ಇನ್ನೂ ಗಂಟಲಲ್ಲಿರುವಾಗಲೇ ಪ್ರಮುಜಿಯ ಕಣ್ಣು ಅದರ ಮೇಲೆ ನಿಂತಿತು.

"ಅತ್ಲಾಗೆ ನೋಡೋ! ಹೇಳೋ!" ಎಂದು ತುಮಿನಿ ಚೀರಿದಳು. ಅವನು ಹೇಳಲಿಲ್ಲ. ನಾಚಿಕೆಯಾಗಿ, ಸಿಟ್ಟಾಗಿ, ಉಂಡೆಯನ್ನು ಅಂಗಡಿಯ ಮುಂದಿನ ಮೋರಿಗೆಸೆದು ತುಟಿ ಒರೆಸಿಕೊಂಡ. ಹಲ್ಲಿಗಳನ್ನು ಡಬ್ಬಿಯೊಂದಕ್ಕೆ ಕೆರೆದು ಹಾಕಿದ. ತಲೆ ಉಬ್ಬಿದ್ದ ಎರಡು ಕೆಪಾಸಿಟರ್ ಕಿತ್ತು ಹೊಸದು ಬೆಸೆದ. ಬೆನ್ನು ಮುಚ್ಚಿ ಸ್ವಿಚ್ಚು ಒತ್ತಿದ.

ಕೀವಿನ ಬಣ್ಣ ಹೋಗಿತ್ತು. ಚಿತ್ರ ತಿಳಿನೀರಿನಷ್ಟು ಸ್ವಚ್ಛವಾಗಿತ್ತು.

"ನೋಡಿದ್ರಾ ಅತ್ತೆ?" ಎನ್ನಲು ಬಾಯಿ ತೆರೆದ. ಕಲೆ ಇನ್ನೂ ಅಲ್ಲೇ ಇತ್ತು. ಈಗದು ಕಲೆಯಾಗಿರಲಿಲ್ಲ. ಬಾಗಿದ ಬೆನ್ನಿತ್ತು. ಮಡಚಿದ ಮೊಣಕಾಲಿತ್ತು. ಮೈತುಂಬ ಒದ್ದೆಕೂದಲು. ಅದು ಮಿಸುಕಿತು. ಹೊರಳಿತು. ಮುಖ ಇತ್ತ ತಿರುಗತೊಡಗಿತು. ಪ್ರಮುಜಿ ಪ್ಲಗ್ ಕಿತ್ತ. ಚಿತ್ರ ಆರಿತು. ಅದು ಆರಲಿಲ್ಲ. ಇನ್ನಷ್ಟು ತಿರುಗಿತು.

ಕಾಫಿ ಇಟ್ಟು ಒಳಗೆ ಹೋಗಿದ್ದ ನಿಂಗ್ರುಮ್ ಕಿರುಚಿದಳು.

ಅವಳು ನೆಲದ ಮೇಲೆ ಕೂತು ಬಾಯೊಳಗಿಂದ ಏನನ್ನೋ ಎಳೆಯುತ್ತಿದ್ದಳು. ಕೂದಲು. ಒದ್ದೆ ಕೂದಲು. ಎಳೆದಷ್ಟೂ ಬರುತ್ತಿತ್ತು. ಮಡಿಲಲ್ಲಿ ಆಗಲೇ ಒಂದು ರಾಶಿ. ಹೊಟ್ಟೆ ಕಲ್ಲಿನಂತೆ ಬಿಗಿದಿತ್ತು.

"ರೀ... ಇದು ಮುಗೀತಿಲ್ಲ... ಕೂಸು ಒದೀತಿಲ್ಲ..."

"ತೆಗೆದವನೇ ವಾಪಸ್ ಇಡ್ಬೇಕು!" ತುಮಿನಿ ಅವನ ಕೊರಳಪಟ್ಟಿ ಹಿಡಿದಳು. "ಬರಿಗೈಲಿ. ಒಂದೆಳೆ ಹೊರಗೆ ಉಳೀಬಾರ್ದು. ಕೂಸು ಬೇಕಾ? ಓಡು!"

ಅವನು ಓಡಿದ. ಮೋರಿಯ ಅಂಚಿಗೆ ಬೋರಲು ಬಿದ್ದ. ಕಾರ್ಖಾನೆಯ ರಕ್ತದ ನೀರು, ಮೀನಿನ ಕರುಳು, ಕೆನೆಗಟ್ಟಿದ ಜಿಡ್ಡು. ಭುಜದವರೆಗೆ ಕೈ ಇಳಿಸಿದ. ಕೆಸರು ಕೆನ್ನೆಗೆ ತಾಗಿತು. ಬಾಯಿಗೆ ಬಂತು. ತಡಕಿದ. ಇಲ್ಲ. ಇನ್ನೂ ತಡಕಿದ. ಇಲ್ಲ. ಆಗ ಕೆಳಗೆ ಏನೋ ಅವನ ಬೆರಳುಗಳನ್ನು ಸುತ್ತಿಕೊಂಡಿತು. ತಾನಾಗಿಯೇ. ಬಿಗಿಯಾಗಿ. ಎಳೆದುಕೊಂಡು ಬಂದು ಮಾನಿಟರಿನ ಹೊಟ್ಟೆಗೆ ತುರುಕಿದ. ಹಲ್ಲಿಗಳನ್ನು ಬೆರಳಿನಿಂದ ಬಾಚಿ ಹಾಕಿದ. ಹೆಂಡತಿಯ ಮಡಿಲ ರಾಶಿಯನ್ನೂ ತುರುಕಿದ. ವಾಂತಿ ಮಾಡುತ್ತಲೇ ತುರುಕಿದ. ವಾಂತಿ ಮಾಡುತ್ತಲೇ ಸ್ಕ್ರೂ ಬಿಗಿದ.

ಮಾನಿಟರ್ ಹೊತ್ತು ಸಮುದ್ರದ ದಡಕ್ಕೆ ಓಡಿದರೆ, ಅಲ್ಲಿ ಕಾಸಿಯಾತಿ ದೋಣಿ ಹಿಡಿದು ನಿಲ್ಲಿಸಿಕೊಂಡಿದ್ದಳು. ಆಳಕ್ಕೆ ಹೋಗಿ ಇಬ್ಬರೂ ಸೇರಿ ಮಾನಿಟರನ್ನು ನೀರಿಗೆ ನೂಕಿದರು. ಸ್ವಲ್ಪ ಹೊತ್ತು ತೇಲಿ, ದೊಡ್ಡದಾಗಿ ತೇಗಿ ಮುಳುಗಿತು.

ಮನೆಗೆ ಬಂದರೆ ನಿಂಗ್ರುಮ್ ನಿದ್ದೆಹೋಗಿದ್ದಳು. ಹೊಟ್ಟೆ ಮೆತ್ತಗಾಗಿತ್ತು. ಸೀರೆಯಂತೆ ಸುತ್ತಿದ ಬಟ್ಟೆಯ ಕೆಳಗೆ ಕೂಸು ಒದೆಯುವುದು ಕಣ್ಣಿಗೇ ಕಾಣುತ್ತಿತ್ತು. ಪ್ರಮುಜಿ ಹೊಸಿಲ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತ.

ಎರಡು ತಿಂಗಳಿಗೆ ಹೆಣ್ಣುಮಗು ಹುಟ್ಟಿತು. ಬೆರಳು, ಉಗುರು, ಕಣ್ಣು, ಎಲ್ಲ ಸರಿಯಾಗಿತ್ತು. ಸೂಲಗಿತ್ತಿ ಎರಡೆರಡು ಸಲ ನೋಡಿ ಹೇಳಿದಳು. ಕಿನಾಂತಿ ಎಂದು ಹೆಸರಿಟ್ಟರು. ಬಟ್ಟೆಯಲ್ಲಿ ಸುತ್ತಿ ಅಪ್ಪನ ತೋಳಿಗೆ ಕೊಟ್ಟರು. ಪ್ರಮುಜಿ ಮುದ್ದಿಡಲು ಬಗ್ಗಿದ. ಅದೇ ನಾತ. ಹುಳಿಬಂದ ಹಾಲು, ಸುಟ್ಟ ಕೂದಲು, ಹುಣ್ಣಿನ ಬಟ್ಟೆ. ಮಗುವನ್ನು ತುಮಿನಿಯ ಕೈಗೆ ದೂಡಿ ಹಿತ್ತಲಿಗೋಡಿ ಹಳದಿ ನೀರು ಕಾರಿದ.

ಬೇರೆ ಯಾರಿಗೂ ಆ ನಾತ ಬಡಿಯುವುದಿಲ್ಲ, ಆವತ್ತು ಮಾತು ಹೇಳದೆ ಹೇಸಿದವನಿಗೆ ಮಾತ್ರ. ನಾನೂ ಎತ್ತಿಕೊಂಡಿದ್ದೇನೆ, ಎಳೆಮಗುವಿನ ಹಾಲುವಾಸನೆ ಅಷ್ಟೆ. ಅವನು ಮೂಗಿಗೆ ಕರ್ಪೂರ ಹಚ್ಚಿಕೊಂಡ, ಬಟ್ಟೆ ಕಟ್ಟಿಕೊಂಡ, ಮೂರು ಜನ ಮಂತ್ರವಾದಿಗಳ ಬಾಗಿಲು ತಟ್ಟಿದ. ಮಗುವಿನ ಬೆರಳು ಸೋಕಿದರೆ ಸಾಕು, ಅವನ ಮೈಮೇಲೆ ಲೋಳೆ ಹರಿದಂತಾಗುತ್ತದೆ.

ಈಗ ಅವಳಿಗೆ ಎರಡು ವರ್ಷ. ನಿಂಗ್ರುಮ್ ದಿನಾ ಮಗಳ ಫೋಟೋ ತೆಗೆದು ಅವನ ಕಂಪ್ಯೂಟರಿಗೆ ಹಾಕಿಕೊಡುತ್ತಾಳೆ. ಚಿತ್ರಕ್ಕೆ ನಾತವಿಲ್ಲ. ಅಂಗಡಿಯ ಕದಕ್ಕೆ ಒಳಗಿಂದ ಚಿಲಕ ಹಾಕಿಕೊಂಡು, ಪರದೆಗೆ ಕೆನ್ನೆಯಿಟ್ಟು ಅವನು ಮಗಳನ್ನು ಮುದ್ದು ಮಾಡುತ್ತಾನೆ. ಕದದ ಆಚೆ ನಿಂತು ಅವಳು ಅಪ್ಪಾ, ಎತ್ಕೋ, ಎಂದು ತಟ್ಟುತ್ತಲೇ ಇರುತ್ತಾಳೆ.