ಗ್ಲ್ಯಾಡಿಸ್ ಬಾಯಿಯವರ ಮೈಕಿನ ವೈರ್

ನಾನು ವೈರ್ ಎಳೆಯುವವನು, ಕಥೆ ಕಟ್ಟುವವನಲ್ಲ. ಆದದ್ದನ್ನು ಆದ ಹಾಗೆ ಹೇಳುತ್ತೇನೆ.

ಫಳ್ನೀರಿನ ಸಣ್ಣ ರೇಡಿಯೊ ಸ್ಟುಡಿಯೊವೊಂದರಲ್ಲಿ ಹಳೆಯ ಅನಲಾಗ್ ಮಿಕ್ಸರ್ ಕಳಚಿ ಡಿಜಿಟಲ್ ಮಿಕ್ಸರ್ ಕೂರಿಸುತ್ತಿದ್ದೆ. ಅಲ್ಲಿ ಬೆಳಗಿನ ಕಾರ್ಯಕ್ರಮ ನಡೆಸುತ್ತಿದ್ದ ಗ್ಲ್ಯಾಡಿಸ್ ಬಾಯಿ ಹೋದ ವರ್ಷ ತೀರಿಕೊಂಡಿದ್ದರು. ಎಲ್ಲವೂ ನೇರಪ್ರಸಾರ, ಅವರ ಧ್ವನಿಯನ್ನು ಯಾರೂ ರೆಕಾರ್ಡ್ ಮಾಡಿಟ್ಟಿರಲಿಲ್ಲ.

ಮಧ್ಯಾಹ್ನ ಅವರ ಗಂಡ ಮ್ಯಾಕ್ಸಿಮ್ ಪೊರ್ಬುಗಳು ಬಂದು ನನ್ನ ಪಕ್ಕದಲ್ಲೇ ಕುಳಿತರು.

"ಆ ಪೆಟ್ಟಿಗೆಯೊಳಗೆ ಅವಳ ಒಂದು ಮಾತಾದರೂ ಉಂಟಾ ಮಾರಾಯ?"

"ಮಿಕ್ಸರಿನಲ್ಲಿ ಎಂತದೂ ಉಳಿಯುದಿಲ್ಲ ಪೊರ್ಬುಗಳೇ. ನೀರಿನ ಪೈಪಿನ ಹಾಗೆ, ಹರಿದು ಹೋಗ್ತದೆ ಅಷ್ಟೆ."

ಗ್ಲ್ಯಾಡಿಸ್ ಬಾಯಿಯವರ ಮೈಕಿನ ವೈರನ್ನು ಗೋಡೆಯ ಬುಡದಲ್ಲಿ ಕತ್ತರಿಸಿ, ಮೈಕಿನ ಕಡೆಯ ತುಂಡನ್ನು ಚೀಲಕ್ಕೆ ಹಾಕಿದೆ. ಹೊಸ ಮೈಕಿಗೂ ಅದೇ ವೈರ್ ಆದೀತೆಂದು, ಗೋಡೆಯೊಳಗೆ ಉಳಿದ ವೈರಿನ ಇನ್ನೊಂದು ತುದಿಯನ್ನು ಹೊಸ ಮಿಕ್ಸರಿಗೆ ಜೋಡಿಸಿ, ಗುಂಯ್‌ಗುಟ್ಟುತ್ತದೋ ಎಂದು ಹೆಡ್‌ಫೋನ್ ಕಿವಿಗಿಟ್ಟೆ. ಫ್ಯಾನ್ ತಿರುಗುವ ಸದ್ದು ಕೇಳಿತು. ಎಸಿ ಬಂದ ಮೇಲೆ ಆ ಕೋಣೆಯ ಫ್ಯಾನ್ ತೆಗೆದಾಗಿತ್ತು. ಆಮೇಲೆ ಹಲ್ಲಿಗೆ ಪೆಪ್ಪರ್‌ಮಿಂಟ್ ತಾಗಿದ ಟಕ್ ಎಂಬ ಸದ್ದು. ಅದನ್ನು ಚೀಪುತ್ತಾ ಮೈಕಿನ ಮುಂದೆ ಕೂರಬೇಡಿ ಎಂದು ಗ್ಲ್ಯಾಡಿಸ್ ಬಾಯಿಯವರಿಗೆ ನಾನು ಎಷ್ಟು ಬೈದಿಲ್ಲ!

ಹೆಡ್‌ಫೋನನ್ನು ಪೊರ್ಬುಗಳ ಕಿವಿಗಿಟ್ಟೆ. ಅವರು ಕಣ್ಣು ಮುಚ್ಚಿ ಕೇಳಿದರು, ಮೆಲ್ಲನೆ ನಕ್ಕರು.

"ಮಾತ್ರೆ ನುಂಗಿದ್ರಾ ಅಂತ ಜೋರು ಮಾಡ್ತಿದ್ದಾಳೆ" ಎಂದವರೇ ಜೇಬಿಗೆ ಕೈ ಹಾಕಿದರು. "ಇವತ್ತು ಮರೆತೇ ಹೋಗಿತ್ತು ನೋಡು."

ಹೊಸ ಮೈಕಿಗೆ ಬೇರೆ ವೈರ್ ಎಳೆದು ಮಿಕ್ಸರಿನ ಬೇರೆ ಚಾನೆಲ್ಲಿಗೆ ಕೊಟ್ಟೆ. ಆ ಹಳೆಯ ವೈರಿನ ಚಾನೆಲ್ಲಿನಲ್ಲಿ, ಸದ್ದು ಬಂದರೆ ಮಾತ್ರ ಹೊತ್ತುವ ಹಸಿರು ದೀಪ ಈಗಲೂ ಬೆಳಗಿನ ಕಾರ್ಯಕ್ರಮಕ್ಕೆ ಸ್ವಲ್ಪ ಮುಂಚೆ ಒಮ್ಮೆ ಮಿನುಗುತ್ತದೆ. ಕತ್ತರಿಸಿದ ತುಂಡು ಇನ್ನೂ ನನ್ನ ಚೀಲದಲ್ಲೇ ಇದೆ.