ಬದುಕಿದ್ದವನಿಗೆ ಎರಡು ನಮಸ್ಕಾರ

ಅಕ್ಟೋಬರ್ 17, ಬೆಳಿಗ್ಗೆ 10.40. ಬೂಸಾನ್ ಬಂದರಿನ ಪೊಲೀಸ್ ಠಾಣೆಗೆ ಹಡಗು ರಿಪೇರಿ ಅಂಗಳದ ಮಾಲೀಕ ಮಾ ಗ್ವಾಂಗ್-ಸಿಕ್ ಏದುಸಿರು ಬಿಡುತ್ತಾ ಬಂದರು.

"ನಾನು ಬದುಕಿದೀನಿ ಸಾರ್!"

"ಕಾಣ್ತಿದೆ. ಕೂತ್ಕೊಳ್ಳಿ," ಎಂದರು ಇನ್ಸ್‌ಪೆಕ್ಟರ್ ಪ್ಯೋ.

"ನಮ್ಮ ಕಟ್ಟಡದ ಗೋಡೆ ಮೇಲಿನ ನನ್ನ ಚಿತ್ರಕ್ಕೆ ಯಾರೋ ಸತ್ತೋರ ಫೋಟೋಗೆ ಕಟ್ಟೋ ಕಪ್ಪು ಪಟ್ಟಿ ಬಳಿದಿದಾರೆ. ಬೀದಿ ಪೋಲಿಗಳೆಲ್ಲ ಅದರ ಮುಂದೆ ಎರಡೆರಡು ಸಲ ಅಡ್ಡಬೀಳ್ತಿದಾರೆ! ಬದುಕಿರೋನಿಗೆ ಒಂದು ನಮಸ್ಕಾರ, ಸತ್ತೋನಿಗೆ ಎರಡು. ನನಗೆ ಎರಡು!"

ಕಾನ್‌ಸ್ಟೇಬಲ್ ಬಾಂಗ್ ನಗು ನುಂಗಿಕೊಂಡು ಎಫ್‌ಐಆರ್ ಬರೆದ.

11.30ಕ್ಕೆ ಸ್ಥಳ ಪಂಚನಾಮೆ. ಹತ್ತು ಅಂತಸ್ತಿನ ಗೋಡೆ ತುಂಬ ಹಡಗು ಕೆಲಸಗಾರರ ಚಿತ್ರ, ನಟ್ಟನಡುವೆ ಮಾಲೀಕರ ಮುಖ. ನೆತ್ತಿಯಿಂದ ಎರಡೂ ಕೆನ್ನೆಗೆ ಇಳಿದಿದ್ದ ಪಟ್ಟಿ ಬಣ್ಣದ್ದಲ್ಲ, ಹಡಗಿನ ತಳಕ್ಕೆ ಬಳಿಯುವ ಟಾರಿನದು. ಮಾಳಿಗೆಯಿಂದ ಹಗ್ಗದಲ್ಲಿ ತೂಗುಬಿಟ್ಟ ಹಲಗೆ ಇನ್ನೂ ಅಲ್ಲೇ ಇತ್ತು.

"ತುಕ್ಕು ಕೆರೆಯೋ ಹೆಂಗಸರ ಹಲಗೆ ಸಾರ್," ಎಂದ ಬಾಂಗ್. ಹಡಗಿನ ಮಗ್ಗುಲಿಗೆ ಹೀಗೆ ತೂಗಿ ಕೂತು ಸುತ್ತಿಗೆ ಬಡಿಯುವವರು ಅವರೇ.

ಪ್ಯೋ ಕಣ್ಣಿಗೆ ಇನ್ನೊಂದು ವಿಷಯ ಬಿತ್ತು. ಚಿತ್ರ ಬರೆದ ಓಕ್ ಮಿ-ರಾನ್‌ಳನ್ನು ಕರೆಸಿದರು. ಬಡವರ ಪರ ಗೋಡೆಚಿತ್ರ ಬರೆದು ಹೆಸರು ಮಾಡಿದವಳು.

"ಈ ಮುಖಕ್ಕೆ ಮೂರು ಕಿವಿ ಯಾಕಮ್ಮ?"

ಅವಳು ತಲೆ ತಗ್ಗಿಸಿದಳು. "ಮೊದಲು ಡೊ-ಯುನ್ ಮುಖ ಇತ್ತು ಸಾರ್. ಅಂಗಳದಲ್ಲಿ ಬಿದ್ದು ಸತ್ತ ವೆಲ್ಡರ್. ಅವನನ್ನ ಅಳಿಸದಿದ್ರೆ ಗೋಡೆ ಕೊಡಲ್ಲ ಅಂದ್ರು ಮಾಲೀಕರು. ಅವನ ಮೇಲೇ ಇವರನ್ನ ಬರೆದೆ. ಅವನ ಒಂದು ಕಿವಿ ಉಳ್ಕೊಂಡಿದೆ."

"ಬಡವರ ಪರ, ಅಲ್ವಾ?" ಪ್ಯೋಗೆ ಮೈಯೆಲ್ಲ ಉರಿಯಿತು.

ಮಧ್ಯಾಹ್ನ 3ಕ್ಕೆ ಹಲಗೆ ಕೆಲಸದ ಐವರು ಹೆಂಗಸರು ಠಾಣೆಗೆ ಬಂದರು. ಮಾಲೀಕರು ಕುರ್ಚಿಯಲ್ಲಿದ್ದರು. ನಾಲ್ವರು ಸೊಂಟ ಬಗ್ಗಿಸಿ ಪಕ್ಕಕ್ಕೆ ಸರಿದರು. ಕೊನೆಯವಳು ಬೊಂಗ್-ನ್ಯೊ ಅಜ್ಜಿ, ಡೊ-ಯುನ್‌ನ ತಾಯಿ, ವಯಸ್ಸು 68, ಸುತ್ತಿಗೆ ಸದ್ದಿಗೆ ಕಿವಿ ಕಳೆದುಕೊಂಡವಳು. ಮಂಡಿಯೂರಿ, ನೆಲಕ್ಕೆ ಹಣೆ ಹಚ್ಚಿ ನಮಸ್ಕರಿಸಿದಳು.

"ಏಳಮ್ಮ, ಏಳು. ಹಳೇದೆಲ್ಲ ಮರೆತೆಯಲ್ಲ, ದೊಡ್ಡ ಮನಸ್ಸು ನಿಂದು," ಮಾಲೀಕರು ಹಿಗ್ಗಿದರು.

ಅಜ್ಜಿ ಎದ್ದಳು. ಮತ್ತೆ ಮಂಡಿಯೂರಿ ಇನ್ನೊಂದು ನಮಸ್ಕಾರ ಮಾಡಿದಳು.

ಬಾಂಗ್‌ನ ಪೆನ್ನು ನಿಂತಿತು. ಮಾಲೀಕರ ಮುಖ ಬಿಳಿಚಿಕೊಂಡಿತು.

"ಟಾರು ಬಳಿದದ್ದು ನೀವೇನಾ ಅಜ್ಜಿ?" ಪ್ಯೋ ಕೂಗಿ ಕೇಳಿದರು.

"ನಾನೇ ಕಣಪ್ಪ. ನನ್ನ ಮಗ ಒಂದು ಹನಿ ಹೆಂಡ ಮುಟ್ಟಿದವನಲ್ಲ. ಸೊಂಟಕ್ಕೆ ಹಗ್ಗ ಕೊಡದೆ ಹತ್ತಿಸಿ, ಕುಡಿದು ಬಿದ್ದ ಅಂದ ಈ ಮನುಷ್ಯ. ಗೋಡೆ ಮೇಲಾದ್ರೂ ಇರ್ತಾನೆ ಅಂದ್ಕೊಂಡೆ. ಅಲ್ಲೂ ಹೂತ."

"ಕೆರೆಸಿ ಸಾರ್! ಇವತ್ತೇ ಆ ಟಾರು ಕೆರೆಸಿ!"

ಮಾಲೀಕರ ತುಟಿ ನೋಡಿಯೇ ಅಜ್ಜಿಗೆ ತಿಳಿಯಿತು. "ಕೆರೆಸಪ್ಪ. ನಲವತ್ತು ವರ್ಷ ಪದರ ಪದರ ಕೆರೆದವಳು ನಾನು. ಟಾರಿನ ಜೊತೆ ನಿನ್ನ ಮುಖಾನೂ ಕಿತ್ತು ಬರುತ್ತೆ, ಒಳಗಿಂದ ನನ್ನ ಮಗ ಬರ್ತಾನೆ. ಮೇಲೆ ಬಣ್ಣ ಹೊಡೆಸಿದ್ರೆ ಟಾರು ಮತ್ತೆ ಇಣುಕುತ್ತೆ. ಹಾಗೇ ಬಿಟ್ರೆ, ನೀನು ಸತ್ತೋನಾಗೇ ಇರು."

"ಮಾಡಿದ್ದುಣ್ಣೋ ಮಹಾರಾಯ," ಬಾಂಗ್ ಗೊಣಗಿದ.

3.25ಕ್ಕೆ ಅಜ್ಜಿಯ ದಸ್ತಗಿರಿ. ಕೇಸ್ ಡೈರಿಯಲ್ಲಿ ಅಪರಾಧಕ್ಕೆ ಕಾರಣ ಎಂಬಲ್ಲಿ ಪ್ಯೋ 'ಮಗನ ಮುಖ' ಎಂದಷ್ಟೇ ಬರೆದರು.

ಟಾರು ಕೆರೆಯಲು ಮಾಲೀಕರು ಇವತ್ತಿಗೂ ಯಾರಿಗೂ ಹೇಳಿಲ್ಲ.