ಮೂರನೇ ತಿರುವಿನ ಗೊರಗೊರ

ಕಾರ್ ರ‍್ಯಾಲಿಯ ಮೊದಲ ಕಾರು ಹೊರಡಲು ಇನ್ನು ಇಪ್ಪತ್ತೇ ನಿಮಿಷ. ಡೇರೆಯ ಮೇಜಿನ ಮೇಲಿದ್ದ ರೇಡಿಯೋ ಸೆಟ್ಟು ಗೊರಗೊರ ಎನ್ನುತ್ತಿತ್ತು. ದಾರಿಯುದ್ದಕ್ಕೂ ಹತ್ತು ತಿರುವು, ತಿರುವಿಗೊಬ್ಬ ಸ್ವಯಂಸೇವಕ, ಒಬ್ಬೊಬ್ಬರ ಕಾರಿನಲ್ಲೂ ಇಂಥದೇ ಸೆಟ್ಟು. ಈಗ ಒಬ್ಬರ ಮಾತು ಇನ್ನೊಬ್ಬರಿಗೆ ಮುಟ್ಟುತ್ತಿಲ್ಲ! ತಿರುವಿನಲ್ಲಿ ಒಂದು ಕಾರು ಮಗುಚಿದರೆ ಹಿಂದಿನದನ್ನು ತಡೆಯುವವರು ಯಾರು?

ಸೆಟ್ಟುಗಳ ಹೊಣೆ ಹೊತ್ತ ಮೆಕ್ಯಾನಿಕ್ ಹೆಂಗಸು ಸೆಟ್ಟನ್ನು ಹತ್ತಿರ ಎಳೆದುಕೊಂಡಳು. ಆಂಟೆನಾ ಬಿಗಿ ಮಾಡಿದಳು, ಬ್ಯಾಟರಿ ಬದಲಿಸಿದಳು. ಊಹೂಂ. ಮಾತಾಡುವಾಗ ಮಾತ್ರ ಒತ್ತಬೇಕಾದ ಮೈಕಿನ ಗುಂಡಿ ಯಾರದೋ ಒತ್ತಿಕೊಂಡೇ ಇದೆ, ಅದೇ ಎಲ್ಲರ ಬಾಯಿ ಕಟ್ಟಿದೆ — ಅಷ್ಟು ಗೊತ್ತಾಯಿತು. ಆದರೆ ಯಾರದು?

ಅಷ್ಟರಲ್ಲಿ ರ‍್ಯಾಲಿಯ ಮುಖ್ಯಸ್ಥರು ಜೀಪಿನಿಂದಿಳಿದು ಡೇರೆಗೆ ನುಗ್ಗಿದರು.

"ಏನಮ್ಮಾ ಇದು? ಆಗ್ಲಿಂದ ಕಿವಿಗೊಟ್ಟು ಕೂತಿದ್ದೀನಿ. ನನ್ನ ಜೀಪಿನ ಸೆಟ್ಟಲ್ಲಿ ಒಂದು ಸದ್ದೂ ಇಲ್ಲ. ಒಬ್ರೂ ಹಾಜರಿ ಹೇಳಿಲ್ಲ."

ಅವರು ಬಂದು ನಿಂತಾಗ ಗೊರಗೊರ ತಾನಾಗೇ ನಿಂತಿತ್ತು. ಅವಳು ತಡಮಾಡದೆ ಒಂದೊಂದೇ ತಿರುವನ್ನು ಕರೆದಳು. ಹತ್ತೂ ಜನ ಓಗೊಟ್ಟರು. ಗದ್ದಲ ನಿಮಗೂ ಕೇಳಿಸಿತೇ ಎಂದರೆ, ಕಿವಿ ತೂತು ಬಿತ್ತು ಎಂದರು ಎಲ್ಲರೂ. ಮೂರನೇ ತಿರುವಿನಲ್ಲಿದ್ದ ಅವಳ ಮಾವನೂ ಹಾಗೆಯೇ ಅಂದರು. ನಿವೃತ್ತ ಬಸ್ ಡ್ರೈವರ್. ಹನ್ನೊಂದು ವರ್ಷದಿಂದ ಆ ತಿರುವು ಅವರದೇ.

ಮಾವನ ದನಿ ಕೇಳಿದ್ದೇ ತಡ, ಮುಖ್ಯಸ್ಥರು ಮೈಕು ಕಸಿದುಕೊಂಡರು.

"ನಿಮ್ದೇ ಕೆಲಸ ಇದು. ನಿನ್ನೆ ಮೀಟಿಂಗಲ್ಲಿ ಈ ಡಬ್ಬಾ ಬೇಡ, ಬಾವುಟ ಕೊಡಿ ಅಂತ ಹಟ ಹಿಡಿದೋರು ನೀವೇ ಅಲ್ವಾ? ಇನ್ನೊಂದ್ಸಲ ಹೀಗಾದ್ರೆ ಮನೆಗೆ ಹೊರಡಿ. ಮುಂದಿನ ವರ್ಷವೂ ಬರ್ಬೇಡಿ."

ಹತ್ತು ಜನರ ಕಿವಿಗೂ ಬಿತ್ತು. ಸ್ವಯಂಸೇವಕರ ಕಿತ್ತಳೆ ಬಣ್ಣದ ಜಾಕೆಟ್ಟಿಗೆ ಮೂರು ದಿನ ಮೊದಲೇ ಇಸ್ತ್ರಿ ಮಾಡಿಟ್ಟುಕೊಳ್ಳುವ ಮನುಷ್ಯನಿಗೆ ಈ ಮಾತೇ?

ಮುಖ್ಯಸ್ಥರು ಬುಸುಗುಡುತ್ತಾ ಜೀಪಿಗೆ ಮರಳಿದರು. ಒಂದು ನಿಮಿಷವೂ ಆಗಿಲ್ಲ — ಗೊರಗೊರ!

ಇನ್ನು ಎಂಟು ನಿಮಿಷ. ಅವಳು ತಲೆ ಹಿಡಿದು ಕೂತಳು. ಎಲ್ಲರಿಗೂ ಗದ್ದಲ ಕೇಳಿಸಿದೆ. ಎಲ್ಲರಿಗೂ... ನಿಜವಾಗಿ ಎಲ್ಲರಿಗೂ? ಸ್ಕ್ರೂಡ್ರೈವರ್ ಎಸೆದು ಜೀಪಿನತ್ತ ಓಡಿದಳು.

"ಸಾರ್, ಈಗ ನಿಮ್ಮ ಸೆಟ್ಟಲ್ಲಿ ಏನು ಕೇಳಿಸ್ತಿದೆ?"

"ಏನೂ ಇಲ್ಲ ಅಂತ ಆಗ್ಲೇ ಹೇಳಿದ್ನಲ್ಲ."

ಸೆಟ್ಟಿನ ಮೇಲೆ ಹರಡಿದ್ದ ನಕ್ಷೆಯನ್ನು ಅವಳು ಎತ್ತಿದಳು. ಕೆಳಗೆ, ಗುಂಡಿ ಒತ್ತಿದಾಗ ಮಾತ್ರ ಹತ್ತುವ ಕೆಂಪು ದೀಪ ಉರಿಯುತ್ತಿತ್ತು. "ಸ್ವಲ್ಪ ಎದ್ದೇಳಿ ಸಾರ್," ಎಂದಳು. ಗೊಣಗುತ್ತಾ ಎದ್ದರು. ದೀಪ ಆರಿತು. ಅವರ ತೊಡೆಯಡಿ ಇದ್ದದ್ದು ಮೈಕು. ಬೇಗ ಕೈಗೆ ಸಿಗಲಿ ಎಂದು ಅಲ್ಲಿ ಸಿಕ್ಕಿಸಿಕೊಂಡಿದ್ದರಂತೆ.

"ಗುಂಡಿ ಒತ್ತಿರೋ ಸೆಟ್ಟಿಗೆ ಬೇರೆಯವರ ಸದ್ದು ಕೇಳಿಸಲ್ಲ ಸಾರ್. ಹತ್ತೂ ತಿರುವಲ್ಲಿ ಗೊರಗೊರ, ನನಗೂ ಗೊರಗೊರ. ಏನೂ ಕೇಳಿಸದೆ ಇದ್ದದ್ದು ನಿಮಗೊಬ್ಬರಿಗೇ. ನೀವು ಇಳಿದ್ರೆ ನಿಲ್ತಿತ್ತು, ಕೂತ್ರೆ ಶುರು. ಆ ಸದ್ದು ನಿಮ್ಮ ಜೀಪಿನ ಇಂಜಿನ್ನಿಂದು. ಮೊದಲೇ ನನಗೆ ಹೊಳೀಬೇಕಿತ್ತು."

ಮುಖ್ಯಸ್ಥರ ಮುಖ ಸಣ್ಣಗಾಯಿತು. ಮೈಕನ್ನು ಕೊಕ್ಕೆಗೆ ಹಾಕಲು ಹೋದರು. ಅವಳು ಬಿಡಲಿಲ್ಲ, ಅವರ ಬಾಯಿಯ ಹತ್ತಿರ ಹಿಡಿದಳು. ಬೈದದ್ದು ಹತ್ತು ಜನರೆದುರು ತಾನೇ?

ಮುಖ್ಯಸ್ಥರು ಗುಂಡಿ ಒತ್ತಿದರು. "ಮೂರನೇ ತಿರುವು... ತಪ್ಪು ನಂದೇ. ಕ್ಷಮಿಸಿ ಯಜಮಾನ್ರೇ."

ಆ ಕಡೆಯಿಂದ ಮಾವನ ದನಿ ಪಕ್ಕದಲ್ಲೇ ನಿಂತು ಮಾತಾಡಿದಷ್ಟು ಸ್ಪಷ್ಟವಾಗಿ ಬಂತು.

"ಸರಿಯಾಗಿ ಕೇಳಿಸ್ಲಿಲ್ಲ ಸಾರ್. ಇನ್ನೊಂದ್ಸಲ ಹೇಳಿ."